ಕಾಲಿದ್ದಷ್ಟು ಸೈಕಲ್

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದ್ದಾರೆ. ದುಡ್ಡುಕಾಸಿನ ವಿಷಯದಲ್ಲಿ ಈ ಮಾತು ನಮ್ಮ ಸಂಸಾರವನ್ನು ಎಷ್ಟೋ ಸಲ ಕಾಪಾಡಿದೆ. ಆದರೆ ಮಗಳಿಗೆ ಸೈಕಲ್ ಕೊಳ್ಳುವಾಗ ಮಾತ್ರ ಇದೇ ಮಾತು ನಮ್ಮನ್ನು ದಾರಿ ತಪ್ಪಿಸಿತು. ಸೈಕಲ್ಲಿನ ಮಟ್ಟಿಗೆ ಗಾದೆ ತಿರುಗುಮುರುಗು. ಮೊದಲು ಕಾಲು ಅಳೆಯಬೇಕು, ಆಮೇಲೆ ಹಾಸಿಗೆ ಹುಡುಕಬೇಕು. ಇದನ್ನು ತಿಳಿಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಮಕ್ಕಳಿಗೆ ಮೊದಲ ರೋಡ್ ಬೈಕ್ ಕೊಡಿಸಬೇಕೆಂದಿರುವ ಮನೆಗಳಿಗೆ ಆ ನಾಲ್ಕು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ನಾವು ಇರುವುದು ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಹಿರಿಯರು ಕೊಳ್ಳೇಗಾಲದ ಕಡೆಯವರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಹೀಗಾಗಿ ಈ ಊರು ನಮ್ಮವರಿಗೆ ಹೊಸದಲ್ಲ. ಬೆಳಿಗ್ಗೆ ಐದೂವರೆಗೆ ಡಿ.ಬಿ. ರಸ್ತೆಯಲ್ಲಿ ನಿಂತರೆ ಬಗ್ಗಿದ ಹ್ಯಾಂಡಲ್ಲಿನ, ತೆಳ್ಳಗಿನ ಟೈರಿನ ಸೈಕಲ್ಲುಗಳು ಸಾಲಾಗಿ ಹೋಗುವುದು ಕಾಣುತ್ತದೆ. ಕೆಲವರು ಮರುದಮಲೈ ಕಡೆಗೆ, ಕೆಲವರು ಪೇರೂರು ದಾಟಿ ಸಿರುವಾಣಿ ರಸ್ತೆಗೆ. ಇನ್ನೂ ಗಟ್ಟಿಗರು ಮೇಟ್ಟುಪಾಳಯದಿಂದ ಹದಿನಾಲ್ಕು ತಿರುವು ಹತ್ತಿ ಕೂನೂರಿಗೆ. ಇದನ್ನೆಲ್ಲ ಬಾಲ್ಕನಿಯಿಂದ ನೋಡಿ ನೋಡಿ ನಮ್ಮ ಮಗಳಿಗೆ ಆಸೆ ಹುಟ್ಟಿತು. ಪ್ಲಸ್ ಟೂನಲ್ಲಿ ಒಳ್ಳೆಯ ಅಂಕ ಬಂದರೆ ಕೊಡಿಸುತ್ತೇವೆ ಎಂದು ಮಾತು ಕೊಟ್ಟೆವು. ಅಂಕ ಬಂತು. ಮಾತು ಉಳಿಸಿಕೊಳ್ಳಬೇಕಾಯಿತು.

ಒಂದು ಸೈಕಲ್, ಇಬ್ಬರು ಮಕ್ಕಳು

ಮಗಳ ಎತ್ತರ 160 ಸೆಂ.ಮೀ. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮಗ 175 ಸೆಂ.ಮೀ. ಅಂಗಡಿಗೆ ಹೋಗುವ ಮೊದಲೇ ನಾವಿಬ್ಬರೂ ಮನೆಯಲ್ಲಿ ಲೆಕ್ಕ ಹಾಕಿದ್ದೆವು. ಇಷ್ಟು ದುಡ್ಡು ಸುರಿಯುವುದಾದರೆ ಇಬ್ಬರಿಗೂ ಆಗುವಂಥದ್ದನ್ನೇ ತರೋಣ, ಹೇಗೂ ಸೀಟು ಏರಿಸಿ ಇಳಿಸಬಹುದಲ್ಲ ಎಂದು. ಅಂಗಡಿಯವರೂ, “ದೊಡ್ಡದೇ ತಗೊಳ್ಳಿ ಸಾರ್, ಸೀಟು ಇಳಿಸಿಕೊಟ್ಟರೆ ಆಯ್ತು” ಎಂದರು. ಅಂಗಡಿಯಲ್ಲಿ ಇದ್ದದ್ದೂ ಅದೊಂದೇ. 54 ಎಂದು ಸ್ಟಿಕ್ಕರ್ ಅಂಟಿಸಿದ್ದ ಕೆಂಪು ಸೈಕಲ್. ಮಗಳು ಶೂ ಹಾಕಿಕೊಂಡು, ಸೈಕಲ್ಲನ್ನು ಒಂದು ಕಡೆಗೆ ವಾಲಿಸಿ ನಿಂತಳು. ನೆಲ ಮುಟ್ಟುತ್ತದೆ ಎಂದಳು. ನಾವು ಬಿಲ್ಲು ಮಾಡಿಸಿದೆವು.

ನಾವು ಬೆಳೆದ ರೀತಿಯೇ ಹಾಗೆ. ಜೂನ್ ತಿಂಗಳಲ್ಲಿ ಹೊಲಿಸುವ ಯೂನಿಫಾರಂ ಎರಡು ಇಂಚು ದೊಡ್ಡದು. ಚಪ್ಪಲಿ ಒಂದು ನಂಬರ್ ಮೇಲಿನದು. ‘ಬೆಳೆಯೋ ಮಕ್ಕಳು, ನಾಳೆಗೂ ಆಗಲಿ’. ಸೈಕಲ್ಲನ್ನು ಕಲಿತದ್ದಂತೂ ಇನ್ನೂ ವಿಚಿತ್ರ. ನಮ್ಮ ಕಾಲದಲ್ಲಿ ಮನೆಮನೆಗೂ ಇದ್ದ ಕಪ್ಪು ಸೈಕಲ್ಲಿನ ಫ್ರೇಮು ಸಾಮಾನ್ಯವಾಗಿ ಎರಡೇ ಅಳತೆ, 22 ಇಂಚು ಇಲ್ಲವೇ 24 ಇಂಚು. ಸೆಂಟಿಮೀಟರಿನಲ್ಲಿ ಹೇಳಿದರೆ ಹತ್ತಿರಹತ್ತಿರ 56 ಮತ್ತು 61. ಹತ್ತು ವರ್ಷದ ಹುಡುಗರಿಗೆ ಸೀಟಿನ ಮೇಲೆ ಕೂರುವ ಮಾತೇ ಇಲ್ಲ. ಬಾರಿನ ಕೆಳಗಿನಿಂದ ಕಾಲು ತೂರಿಸಿ, ಮೈ ಡೊಂಕು ಮಾಡಿಕೊಂಡು ಒಳಪೆಡಲ್ ತುಳಿಯುತ್ತಿದ್ದೆವು. ಇಲ್ಲಿ ತಮಿಳರು ಅದನ್ನು ‘ಕುರಂಗು ಪೆಡಲ್’ ಎನ್ನುತ್ತಾರೆ, ಅಂದರೆ ಕೋತಿ ಪೆಡಲು! ಸೈಕಲ್ಲಿಗೆ ಮೈ ಒಗ್ಗಿಸಿಕೊಳ್ಳಬೇಕು ಎಂಬುದು ಅಲ್ಲಿಂದಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು.

“ನನ್ನ ಮೈಯೇ ಸರಿಯಿಲ್ಲಮ್ಮ”

ಮೊದಲ ವಾರ ಉತ್ಸಾಹ. ಎರಡನೇ ವಾರ ಕುತ್ತಿಗೆ ನೋವು. ಆಮೇಲೆ ಬಲಗೈಯ ಕಿರುಬೆರಳು, ಉಂಗುರಬೆರಳು ಜುಮ್ಮೆನ್ನತೊಡಗಿದವು. “ಅಭ್ಯಾಸವಾದರೆ ಸರಿಹೋಗುತ್ತೆ ಬಿಡು” ಎಂದೆವು. ಸೀಟನ್ನು ಇನ್ನಷ್ಟು ಇಳಿಸಿಕೊಟ್ಟೆವು. ಆಗ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು.

ಒಂದು ಬೆಳಿಗ್ಗೆ ಮರುದಮಲೈ ರಸ್ತೆಯಲ್ಲಿ ನಾಯಿ ಅಡ್ಡ ಬಂತು. ಅವಳ ಕೈ ಹ್ಯಾಂಡಲ್ಲಿನ ಮಧ್ಯದಲ್ಲಿತ್ತು. ಬ್ರೇಕು ಹಿಡಿಯಲು ಮುಂದಕ್ಕೆ ಚಾಚುವಷ್ಟರಲ್ಲಿ ತಡವಾಯಿತು. ಕೆಳಗಿಳಿಯೋಣವೆಂದರೆ ಬಾರು ಅಡ್ಡ. ಮೊಣಕೈ ತರಚಿಕೊಂಡು ಮನೆಗೆ ಬಂದಳು. ದೇವರ ದಯೆ, ಹಿಂದೆ ಬಸ್ಸಿರಲಿಲ್ಲ. ಅಂದಿನಿಂದ ಸೈಕಲ್ ವರಾಂಡದಲ್ಲಿ ನಿಂತಿತು. ಅದರ ಮೇಲೆ ಟವೆಲ್ಲು ಒಣಗತೊಡಗಿದವು.

ಬಿದ್ದದ್ದಕ್ಕಿಂತ ನಮಗೆ ನೋವಾದದ್ದು ಅವಳ ಮಾತಿನಿಂದ. “ಎಲ್ಲರೂ ಓಡಿಸ್ತಾರೆ. ನನ್ನ ಮೈಯೇ ಸರಿಯಿಲ್ಲಮ್ಮ. ಸುಮ್ಮನೆ ನಿಮ್ಮ ದುಡ್ಡು ಹಾಳುಮಾಡಿಸಿದೆ” ಎಂದಳು. ಹದಿನೇಳು ವರ್ಷದ ಹುಡುಗಿ, ಕಬ್ಬಿಣದ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಿದ್ದಳು. ನಾವು ಹಾಗೆ ನಂಬಲು ಬಿಟ್ಟಿದ್ದೆವು.

ಸೈಕಲ್ಲನ್ನು ಮಾರಿಬಿಡೋಣ ಎಂದು ಹಿಂದಿನ ಗಲ್ಲಿಯಲ್ಲಿ ಪಂಕ್ಚರ್ ಹಾಕುವ ಹಿರಿಯರೊಬ್ಬರ ಬಳಿ ವಿಚಾರಿಸಿದೆವು. ಅವರು ಮಗಳಿಗೆ ಒಂದು ಸುತ್ತು ಹೊಡೆದು ಬಾ ಎಂದರು. ನೋಡಿದವರೇ ನಕ್ಕು, “ಮಗೂದು ಏನೂ ತಪ್ಪಿಲ್ಲಮ್ಮ. ಇದು ಯಾರೋ ಉದ್ದ ಆಳಿನ ಸೈಕಲ್ಲು. ಅಳತೆ ತಗೊಂಡಿದ್ದಿರಾ?” ಎಂದು ತಮಿಳಿನಲ್ಲಿ ಕೇಳಿದರು.

ಅಳತೆ! ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿದೆ. ಮಗಳ ಚೂಡಿದಾರಕ್ಕೆ ಟೇಪು ಹಿಡಿಯದೆ ಒಂದು ದಿನವೂ ಕತ್ತರಿ ಹಾಕಿದವರಲ್ಲ. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಸೈಕಲ್ಲಿಗೆ ಮಾತ್ರ ಕಣ್ಣಳತೆ ಸಾಕು ಎಂದುಕೊಂಡಿದ್ದೆವು. ಅಂಗಡಿಯವರನ್ನು ದೂರಿ ಏನು ಬಂತು? ಟೇಪು ನಮ್ಮ ಮನೆಯಲ್ಲೇ ಇತ್ತು.

ಟೇಪು, ಗೋಡೆ, ಒಂದು ಪುಸ್ತಕ

ಅಂದು ಸಂಜೆಯೇ ಮಕ್ಕಳಿಬ್ಬರನ್ನೂ ಗೋಡೆಗೆ ನಿಲ್ಲಿಸಿದೆವು. ಈ ಅಳತೆಯನ್ನು ಯಾವ ಮನೆಯಲ್ಲಾದರೂ ತೆಗೆಯಬಹುದು. ಬರಿಗಾಲಿನಲ್ಲಿ, ಬೆನ್ನನ್ನು ಗೋಡೆಗೆ ಒತ್ತಿ, ಪಾದಗಳ ನಡುವೆ ಸುಮಾರು ಒಂದು ಗೇಣು ಬಿಟ್ಟು ನಿಲ್ಲಬೇಕು. ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ, ಸೀಟಿನ ಮೇಲೆ ಕೂತಷ್ಟು ಬಿಗಿಯಾಗುವವರೆಗೆ ಮೇಲಕ್ಕೆ ಎತ್ತಬೇಕು. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ನೆಲದವರೆಗೆ ಅಳೆಯಬೇಕು. ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಬಂದದ್ದು ಮಗನ ಹಳೆಯ ಭೌತಶಾಸ್ತ್ರದ ಪುಸ್ತಕ. “ಕೊನೆಗೂ ಉಪಯೋಗಕ್ಕೆ ಬಂತು” ಎಂದ ಅವನು!

ಇದೇ ಒಳಗಾಲಿನ ಅಳತೆ. ಪ್ಯಾಂಟಿನ ಮೇಲೆ ಬರೆದಿರುವ ಉದ್ದವನ್ನು ಇದಕ್ಕೆ ಬದಲಾಗಿ ಬಳಸಬಾರದು. ಅದು ಪಾದದವರೆಗೆ ಬರುವುದಿಲ್ಲ. ಎತ್ತರವೊಂದನ್ನೇ ನಂಬಲೂಬಾರದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರಬಹುದು.

ಮಗಳದು 74 ಸೆಂ.ಮೀ. ಬಂತು. ಮಗನದು 82. ಈಗ ಗುಣಾಕಾರ. ರೋಡ್ ಬೈಕ್ ಸವಾರರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕವೊಂದಿದೆ. ಒಳಗಾಲಿನ ಅಳತೆಯನ್ನು 0.65ರಿಂದ ಗುಣಿಸಿದರೆ ಬರುವುದು ಫ್ರೇಮಿನ ಅಂದಾಜು ಅಳತೆ. ಇದು ಪೆಡಲ್ ಸುತ್ತುವ ಅಚ್ಚಿನ ನಡುವಿನಿಂದ ಮೇಲಿನ ಬಾರಿನ ನಡುವಿನವರೆಗೆ, ಸೀಟಿನ ಕೊಳವೆಯ ಉದ್ದ. ಸೀಟಿನ ಕೊಳವೆಯ ತುದಿಯವರೆಗೆ ಅಳೆಯುವ ಕಂಪನಿಯಾದರೆ 0.67ರಿಂದ ಗುಣಿಸಬೇಕು. ಮಗಳಿಗೆ 48ರಿಂದ 49.5. ಮಗನಿಗೆ 53ರಿಂದ 55. ಅಂದರೆ ನಾವು ಮಗಳ ಬಹುಮಾನವೆಂದು ತಂದದ್ದು ನೇರವಾಗಿ ಮಗನ ಸೈಕಲ್. ಸೀಟು ಇಳಿಸಿದ ಮಾತ್ರಕ್ಕೆ ಅದು ಮಗಳದಾಗುವುದಿಲ್ಲ.

ಸೀಟು ಇಳಿಸಿದರೆ ಏಕೆ ಸಾಲದು?

ನಮ್ಮ ಮೂಲ ತಪ್ಪು ಇರುವುದು ಇಲ್ಲೇ. ಸೀಟನ್ನು ಇಳಿಸಿದರೆ ಕಾಲಿಗೆ ನೆಲ ಸಿಗುತ್ತದೆ ನಿಜ. ಆದರೆ ಫ್ರೇಮಿನ ಉದ್ದ ಕಡಿಮೆಯಾಗುವುದಿಲ್ಲ. ಸೀಟಿನಿಂದ ಹ್ಯಾಂಡಲ್ಲಿನವರೆಗಿನ ದೂರ ದೊಡ್ಡ ಆಳಿಗೆ ಮಾಡಿದಷ್ಟೇ ಇರುತ್ತದೆ. ನಮ್ಮ 54ರ ಸೈಕಲ್ಲಿನಲ್ಲಿ ಮೇಲಿನ ಬಾರಿನ ಉದ್ದ, ನೆಲಕ್ಕೆ ಸಮನಾಗಿ ಅಳೆದಾಗ, 54.5 ಸೆಂ.ಮೀ. ಇತ್ತು. ಮಗಳಿಗೆ ಬೇಕಿದ್ದದ್ದು ಸುಮಾರು ಮೂರು ಸೆಂ.ಮೀ. ಕಡಿಮೆ. ಮೂರು ಸೆಂ.ಮೀ. ಎಂದರೆ ಎರಡು ಬೆರಳಗಲಕ್ಕೂ ಕಡಿಮೆ, ಅದೇನು ಮಹಾ ಎನ್ನಿಸಬಹುದು. ಒಂದು ಗಂಟೆ ಆ ದೂರಕ್ಕೆ ಕೈ ಚಾಚಿಯೇ ಇದ್ದರೆ ಗೊತ್ತಾಗುತ್ತದೆ. ಮೊಣಕೈ ಬಿಗಿಯಾಗುತ್ತದೆ, ಮೈಭಾರ ಅಂಗೈ ಮೇಲೆ ಬೀಳುತ್ತದೆ, ಅಂಗೈಯಲ್ಲಿ ಹಾದುಹೋಗುವ ನರ ಒತ್ತಿಹೋಗಿ ಕೊನೆಯ ಎರಡು ಬೆರಳು ಜುಮ್ಮೆನ್ನುತ್ತವೆ. ರಸ್ತೆ ನೋಡಲು ತಲೆ ಎತ್ತಿ ಎತ್ತಿ ಕುತ್ತಿಗೆ ಸೋಲುತ್ತದೆ. ಸೀಟನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿದರೆ ಮಂಡಿ ಅತಿಯಾಗಿ ಮಡಚಿ ಅದರ ಮುಂಭಾಗ ನೋಯುತ್ತದೆ. ಮಗಳು ಹೇಳಿದ ಒಂದೊಂದು ನೋವಿಗೂ ಒಂದೊಂದು ಕಾರಣ ಸೈಕಲ್ಲಿನಲ್ಲೇ ಇತ್ತು.

ತೀರ ಚಿಕ್ಕದನ್ನು ಕೊಂಡರೂ ಕಷ್ಟವೇ. ಸೀಟು ಬಹಳ ಮೇಲೆ, ಹ್ಯಾಂಡಲ್ ಬಹಳ ಕೆಳಗೆ ಆಗಿ ಬೆನ್ನು ಬಾಗುತ್ತದೆ. ತಿರುಗಿಸುವಾಗ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗಬಹುದು. ಆದರೂ ಎರಡು ಅಳತೆಗಳ ನಡುವೆ ಸಿಕ್ಕಿಬಿದ್ದ ಹೊಸ ಸವಾರರಿಗೆ ಸಾಮಾನ್ಯವಾಗಿ ಚಿಕ್ಕದೇ ಮೇಲು. ಚಿಕ್ಕದರಲ್ಲಿ ಸೀಟು ಏರಿಸಬಹುದು, ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ ಎಂಬ ತುಂಡನ್ನು ಒಂದೆರಡು ಸೆಂ.ಮೀ. ಉದ್ದದ್ದಕ್ಕೆ ಬದಲಾಯಿಸಬಹುದು. ದೊಡ್ಡದನ್ನು ಹೀಗೆ ಹೆಚ್ಚು ಕುಗ್ಗಿಸಲು ಬರುವುದಿಲ್ಲ. ಸ್ಟೆಮ್ಮನ್ನು ತೀರ ಗಿಡ್ಡ ಮಾಡಿದರೆ ಹ್ಯಾಂಡಲ್ ತಿರುಗುವ ರೀತಿಯೇ ಬದಲಾಗುತ್ತದೆ.

ಸ್ಟಿಕ್ಕರಿನ ಸಂಖ್ಯೆ ಒಂದೇ ಅಲ್ಲ

ಹಾಗಾದರೆ 48 ಎಂದು ಬರೆದದ್ದನ್ನು ತಂದರೆ ಮುಗಿಯಿತೇ? ಇಲ್ಲ. ಹಿಂದೆ ಮೇಲಿನ ಬಾರು ನೆಲಕ್ಕೆ ಸಮನಾಗಿರುತ್ತಿತ್ತು, ಸೀಟಿನ ಕೊಳವೆಯ ಉದ್ದ ತಿಳಿದರೆ ಉಳಿದದ್ದನ್ನು ಊಹಿಸಬಹುದಿತ್ತು. ಈಗಿನ ಬಹಳಷ್ಟು ಫ್ರೇಮುಗಳಲ್ಲಿ ಬಾರು ಹಿಂದಕ್ಕೆ ಇಳಿಜಾರಾಗಿರುತ್ತದೆ. ಕೆಲವು ಕಂಪನಿಗಳು ಸಂಖ್ಯೆ ಬಿಟ್ಟು ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಬರೆಯುತ್ತವೆ. ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಮ್ಮಿಗೆ ಹತ್ತಿರವಿರಬಹುದು. ಸಿದ್ಧ ಉಡುಪಿನ ಅಂಗಡಿಯಲ್ಲಿ ನಾವೆಲ್ಲ ಕಂಡ ಕಥೆಯೇ.

ಅದಕ್ಕಾಗಿ ಅಂಗಡಿಯಲ್ಲಿ ಆ ಮಾಡೆಲ್ಲಿನ ಅಳತೆಪಟ್ಟಿ ತೋರಿಸಿ ಎಂದು ಕೇಳಬೇಕು. ಅದರಲ್ಲಿ ಎರಡು ಸಂಖ್ಯೆ ಮುಖ್ಯ. ಒಂದು ‘ರೀಚ್’, ಅಂದರೆ ಪೆಡಲ್ ಅಚ್ಚಿನಿಂದ ಫ್ರೇಮಿನ ಮುಂದಿನ ಕೊಳವೆಯ ತುದಿಯವರೆಗೆ ಅಡ್ಡಕ್ಕೆ ಎಷ್ಟು ದೂರ. ಇನ್ನೊಂದು ‘ಸ್ಟ್ಯಾಕ್’, ಅಂದರೆ ಅದೇ ತುದಿ ಅಚ್ಚಿನಿಂದ ಎಷ್ಟು ಮೇಲಿದೆ. ರೀಚ್ ಹೆಚ್ಚಿದ್ದಷ್ಟೂ ಕೈ ಮುಂದೆ ಚಾಚಬೇಕು. ಸ್ಟ್ಯಾಕ್ ಹೆಚ್ಚಿದ್ದಷ್ಟೂ ಬೆನ್ನು ನೇರ. ಮೊದಲ ಸೈಕಲ್ಲಿಗೆ ರೇಸಿನ ಮಾಡೆಲ್ಲಿಗಿಂತ ‘ಎಂಡ್ಯೂರೆನ್ಸ್’ ಎಂದು ಕರೆಯುವ ಬಗೆಯದು ಅನುಕೂಲ. ಅದರಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ಸ್ವಲ್ಪ ಮೇಲೆ, ಸ್ವಲ್ಪ ಹತ್ತಿರ ಇರುತ್ತದೆ.

ಹೆಣ್ಣುಮಕ್ಕಳಿಗೆ ಬೇರೆ ಮಾಡೆಲ್ ಬೇಕೇ ಎಂದು ನಮ್ಮನ್ನು ಹಲವರು ಕೇಳಿದ್ದಾರೆ. ಹೆಸರು ಮುಖ್ಯವಲ್ಲ, ಅಳತೆ ಮುಖ್ಯ. ಫ್ರೇಮಿನ ಜೊತೆಗೆ ಇನ್ನೆರಡನ್ನು ನೋಡಬೇಕು. ಹ್ಯಾಂಡಲ್ಲಿನ ಅಗಲ ಭುಜದ ಮೂಳೆಗಳ ನಡುವಿನ ಅಗಲಕ್ಕೆ ಹೊಂದಬೇಕು. ಬ್ರೇಕಿನ ಲಿವರು ಚಿಕ್ಕ ಕೈಗೂ ಎಟುಕಬೇಕು. ಬಹಳಷ್ಟು ಲಿವರುಗಳಲ್ಲಿ ಅದನ್ನು ಹತ್ತಿರಕ್ಕೆ ತರುವ ಸಣ್ಣ ಸ್ಕ್ರೂ ಇರುತ್ತದೆ, ಕೇಳಿದರೆ ತಿರುಗಿಸಿಕೊಡುತ್ತಾರೆ. ಇದು ಬರೀ ಸುಖದ ಮಾತಲ್ಲ. ಕೂನೂರು ಘಾಟಿಯನ್ನಾಗಲಿ, ತಾಳವಾಡಿಯ ಕಡೆಯಿಂದ ಬರುವಾಗ ದಿಂಬಂನ ಇಪ್ಪತ್ತೇಳು ತಿರುವುಗಳನ್ನಾಗಲಿ ಇಳಿಯುವವರಿಗೆ ಬ್ರೇಕು ಎಟುಕುವುದು ಪ್ರಾಣದ ಮಾತು.

ಸೀಟಿನ ಎತ್ತರ

ಫ್ರೇಮು ಸರಿಯಾದ ಮೇಲೆ ಸೀಟು. ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಮತ್ತು ಅವರ ಶಿಷ್ಯ, ಅಮೆರಿಕದ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದ ಲೆಕ್ಕವಿದು. ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಬರುತ್ತದೆ. ಮಗಳಿಗೆ 65.3 ಸೆಂ.ಮೀ. ಇದು ಆರಂಭಕ್ಕೆ ಮಾತ್ರ, ವೇದವಾಕ್ಯವಲ್ಲ. ಲೆಕ್ಕ ಬೇಡವೆನ್ನುವವರು ಸೀಟಿನ ಮೇಲೆ ನೇರವಾಗಿ ಕೂತು, ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಲಿ. ಆಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಡಚಿಯೇ ಇರುತ್ತದೆ. ಹಿಂದಿನಿಂದ ನೋಡುವವರಿಗೆ ಸೊಂಟ ಅತ್ತಿತ್ತ ತೂಗುವುದು ಕಂಡರೆ ಸೀಟು ಎತ್ತರವಾಯಿತು ಎಂದರ್ಥ. ಸೀಟಿನ ಕಂಬದ ಮೇಲೆ ಕನಿಷ್ಠ ಎಷ್ಟು ಒಳಗಿರಬೇಕೆಂಬ ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎಂದೂ ಏರಿಸಬಾರದು.

ಇಷ್ಟು ಸಣ್ಣ ಅಳತೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನಾವೂ ಅಂದುಕೊಂಡಿದ್ದೆವು. ಆಗ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಬಗ್ಗೆ ಓದಿದೆವು. ಫ್ರಾನ್ಸಿನ ಮಹಾ ಸೈಕಲ್ ಓಟವನ್ನು ಐದು ಸಲ ಗೆದ್ದವರು. 1969ರಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವರು ಸೀಟಿನ ಎತ್ತರವನ್ನು ಪದೇಪದೇ ಸರಿಪಡಿಸುತ್ತಿದ್ದರು, ಓಟದ ನಡುವೆ ಸಹ! ಇಟಲಿಯ ಕೋಮೊ ಸರೋವರದ ಮೇಲಿನ ಗುಡ್ಡದಲ್ಲಿ ಗಿಸಾಲ್ಲೊ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಪೋಪ್ 12ನೇ ಪಿಯೂಸ್ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಅಲ್ಲಿನ ಗೋಡೆಗಳ ಮೇಲೆ ಮರ್ಕ್ಸ್, ಜೀನೊ ಬಾರ್ತಾಲಿ, ಫೌಸ್ತೊ ಕೊಪ್ಪಿ ಮುಂತಾದವರ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ಅಂಥ ವೀರರೇ ಸೈಕಲ್ಲನ್ನು ತಮ್ಮ ಮೈಗೆ ಹೊಂದಿಸಿಕೊಳ್ಳುತ್ತಿದ್ದಾಗ, ನಾವು ಮಗಳಿಗೆ ‘ಒಗ್ಗಿಕೋ’ ಎಂದಿದ್ದೆವು.

ನೆನಪಿರಲಿ

1. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಎತ್ತರ ಮತ್ತು ಒಳಗಾಲಿನ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಳ್ಳಿ.

2. ಓಡಿಸುವವರನ್ನೇ ಕರೆದೊಯ್ಯಿರಿ. ಗುಟ್ಟಾಗಿ ಕೊಂಡು ಹುಟ್ಟುಹಬ್ಬಕ್ಕೆ ಅಚ್ಚರಿ ಪಡಿಸುವ ವಸ್ತು ಇದಲ್ಲ.

3. ಬಾರಿನ ಮೇಲೆ ಎರಡೂ ಪಾದ ಊರಿ, ಸೈಕಲ್ಲನ್ನು ವಾಲಿಸದೆ ನಿಲ್ಲಲು ಹೇಳಿ. ಮೈಗೂ ಬಾರಿಗೂ ನಡುವೆ ಎರಡು ಸೆಂ.ಮೀ.ಯಾದರೂ ಸಂದು ಇರಬೇಕು.

4. ಬ್ರೇಕ್ ಲಿವರಿನ ಬುಡದಲ್ಲಿ ಕೈಯಿಟ್ಟಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಭುಜ ಕಿವಿಯ ಕಡೆ ಏರಬಾರದು.

5. ಕನಿಷ್ಠ ಹತ್ತು ನಿಮಿಷ ಓಡಿಸಿ ನೋಡಲು ಕೇಳಿ. ಆಗದೆಂದರೆ ಇನ್ನೊಂದು ಅಂಗಡಿ ನೋಡಿ.

6. ಸರಿಯಾದ ಅಳತೆ ಇಲ್ಲದಿದ್ದರೆ ರಿಯಾಯಿತಿಗೆ ಮರುಳಾಗಬೇಡಿ. ತರಿಸಿಕೊಡುವವರೆಗೆ ಕಾಯಿರಿ.

7. ಬೆಳೆಯುತ್ತಿರುವ ಮಕ್ಕಳಿಗೆ ಇಂದಿಗೆ ಹೊಂದುವ, ಸೀಟು ಏರಿಸಲು ಜಾಗವಿರುವ ಫ್ರೇಮು ಕೊಳ್ಳಿ. ಬೆಳೆದ ಮೇಲೆ ಅದು ತಮ್ಮನಿಗೋ ತಂಗಿಗೋ ಆದೀತು, ಮಾರಲೂಬಹುದು.

8. ಎಲ್ಲ ಸರಿಪಡಿಸಿದ ಮೇಲೂ ನೋವು, ಜುಮು ಉಳಿದರೆ ವೈದ್ಯರಿಗೆ ತೋರಿಸಿ.

ಈಗ ವರಾಂಡದಲ್ಲಿ

ಕೆಂಪು ಸೈಕಲ್ ಮಗನದಾಯಿತು. ಸೀಟನ್ನು ಅವನ ಅಳತೆಗೆ ಏರಿಸಿದ ದಿನವೇ ಅವನು ಪೇರೂರಿಗೆ ಹೋಗಿಬಂದ. ಮಗಳಿಗೆ ಇನ್ನೊಂದು ಹೊಸದು ಕೊಡಿಸುವ ಶಕ್ತಿ ನಮಗಿರಲಿಲ್ಲ. ಎರಡು ತಿಂಗಳು ಹುಡುಕಿ, ಯಾರೋ ಓಡಿಸಿ ಬಿಟ್ಟಿದ್ದ 48ರ ನೀಲಿ ಸೈಕಲ್ ಕೊಂಡೆವು. ಬಣ್ಣ ಅಲ್ಲಲ್ಲಿ ಹೋಗಿದೆ, ಗೇರು ಹಳೆಯ ಮಾದರಿಯದು. ಬೆಲೆ ಕೆಂಪಿನದಕ್ಕಿಂತ ಎಷ್ಟೋ ಕಡಿಮೆ. ಈ ಸಲ ಅಂಗಡಿಗೆ ಹೋಗುವಾಗ ಹೊಲಿಗೆ ಪೆಟ್ಟಿಗೆಯ ಟೇಪು ನಮ್ಮ ಚೀಲದಲ್ಲಿತ್ತು.

ಮೊದಲ ದಿನ ಅವಳು ಸಿರುವಾಣಿ ರಸ್ತೆಯಲ್ಲಿ ಆಲಾಂದುರೈವರೆಗೆ ಹೋಗಿ ಬಂದಳು. ನಾವಿಬ್ಬರೂ ಗೇಟಿನ ಬಳಿಯೇ ಕಾಯುತ್ತಿದ್ದೆವು. ಇಳಿದವಳೇ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

“ಜುಮ್ಮೆನ್ನುತ್ತಾ?” ಎಂದು ಕೇಳಿದೆವು.

“ಇಲ್ಲಮ್ಮ. ಹಸಿವಾಗ್ತಿದೆ ಅಷ್ಟೆ” ಎಂದಳು.

ದೋಸೆ ಹೊಯ್ಯಲು ಒಳಗೆ ಹೋದೆವು. ವರಾಂಡದಲ್ಲಿ ಈಗ ಟವೆಲ್ಲು ಒಣಗಲು ಹಗ್ಗ ಕಟ್ಟಿದ್ದೇವೆ.